ಬೀದರಿನ ಕಪ್ಪು, ಬೆಳ್ಳಿ

ಶನಿವಾರ, ಭಾನುವಾರ ಬಿಡುವಿದ್ದರೆ ಬೀದರಿಗೆ ಹೋಗಿ, ಅವಸರ ಬೇಡ. ಬೆಳಿಗ್ಗೆ ಕೋಟೆ ಸುತ್ತಿ, 1472ರ ಮಹಮೂದ್ ಗವಾನ್ ಮದರಸಾದಲ್ಲಿ ಉಳಿದಿರುವ ಒಂದೇ ಮಿನಾರಿನ ಬಣ್ಣದ ಹೆಂಚುಗಳನ್ನು ನೋಡಿ. ಮಿಕ್ಕ ಹೊತ್ತೆಲ್ಲ ಬಿದ್ರಿ ಕೆಲಸದವರ ಅಂಗಡಿಯಲ್ಲೇ ಕಳೆಯಬೇಕು. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ. ಅದರ ಮೇಲೆ ಉಳಿಯಿಂದ ಬಳ್ಳಿ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಅರದಿಂದ ಉಜ್ಜಿ ನಯಗೊಳಿಸಿದ ಮೇಲೆ, ಕೋಟೆಯ ಹಳೇ ಮಣ್ಣಿಗೆ ನವಸಾಗರ ಕಲಸಿ, ಬೆಚ್ಚಗಾದ ಪಾತ್ರೆಗೆ ಸವರುತ್ತಾರೆ. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ! ಆ ಗಳಿಗೆಗಾಗಿ ಎಷ್ಟು ಹೊತ್ತು ಕಾದರೂ ಸಾರ್ಥಕ. ಕೊಳ್ಳುವಾಗ ದಯವಿಟ್ಟು ಚೌಕಾಸಿ ಮಾಡಬೇಡಿ, ಪುಟ್ಟ ಡಬ್ಬಿಯಲ್ಲೂ ಹಲವು ಕೈಗಳ ದುಡಿಮೆಯಿದೆ. ಭಾನುವಾರ ಪಕ್ಕದ ಅಷ್ಟೂರಿಗೆ ಹೋಗಿ, ಬಹಮನಿ ಸುಲ್ತಾನ ಅಹಮದ್ ಶಾ ವಲಿ ಗೋರಿಯ ಒಳಛಾವಣಿಯ ಚಿತ್ತಾರವನ್ನು ಬೆಳಕಿರುವಾಗಲೇ ನೋಡಿ.