ಫ್ಯಾನಿಲ್ಲದ ಇಂಜಿನ್

ಇಂಗಳೇಶ್ವರದ ಕಡೆಯ ಹೊಲಗಳಲ್ಲಿ ಬಾವಿಯ ದಂಡೆಗೆ ಕೂತ ಹಳೇ ಡೀಸೆಲ್ ಇಂಜಿನ್ ಎಂದರೆ ನನಗೆ ಅಪಾರ ಗೌರವ. ಅದಕ್ಕೆ ಫ್ಯಾನ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಸ್ಟಾರ್ಟರ್ ಮೋಟರೂ ಇಲ್ಲ. ಹ್ಯಾಂಡಲ್ ತಿರುವಿ ಡಿಕಂಪ್ರೆಷನ್ ಲಿವರ್ ಬಿಟ್ಟರೆ ಡುಬ್ ಡುಬ್ ಶುರು. ಪಂಪು ಎತ್ತಿದ ನೀರಿನಲ್ಲೇ ಒಂದಿಷ್ಟು ಸಣ್ಣ ಪೈಪಿನಲ್ಲಿ ಬಂದು, ಸಿಲಿಂಡರಿನ ಸುತ್ತ ಹರಿದು, ಬೆಚ್ಚಗಾಗಿ ಕಾಲುವೆಗೆ ಬೀಳುತ್ತದೆ. ಅದಕ್ಕೆ ಕೈಯೊಡ್ಡಿದರೆ ಇಂಜಿನ್ ಎಷ್ಟು ಕಾದಿದೆ ಎಂದು ಗೊತ್ತಾಗುತ್ತದೆ.

ಕಾರಿನ ಇಂಜಿನ್ ತಣಿಸುವ ಫ್ಯಾನಿನ ವೇಗ 2 ಪಟ್ಟಾದರೆ ಅದು ಬೇಡುವ ಶಕ್ತಿ 8 ಪಟ್ಟು. ಅದಕ್ಕೇ ರೇಸಿನವರು ಬೆಲ್ಟಿನ ಫ್ಯಾನ್ ಕಿತ್ತು, ಅದರಿಂದ ಉಳಿತಾಯವಾದ ಹಾರ್ಸ್‌ಪವರನ್ನು ಡೈನೋ ಮೇಲೆ ಅಳೆಯುತ್ತಾರೆ. ಬಾವಿಯ ದಂಡೆಯ 5 ಎಚ್‌ಪಿಯ ಈ ಇಂಜಿನ್ನಿನಲ್ಲಿ ಅಂಥ ಶಕ್ತಿ ಸೋರಿಕೆಗೆ ಜಾಗವೇ ಇಲ್ಲ. ಪಂಪಿನ ಬೆಲ್ಟ್ ಜಾರದಷ್ಟು ಬಿಗಿ, ಬೇರಿಂಗ್ ಕಾಯದಷ್ಟು ಸಡಿಲ ಇದ್ದರಾಯಿತು. ರೈತ ಅದನ್ನು ಹೆಬ್ಬೆರಳಿನಿಂದ ಒತ್ತಿಯೇ ನೋಡುತ್ತಾನೆ.