ವಿರಾಮದ ಓದಿಗೆ ನಾಗಪುರದ ಸಾಕ್ಷ್ಯ

ಹೊಟ್ಟೆಪಾಡಿನ ಕೆಲಸ ಮುಗಿದ ಬಳಿಕ ಮನುಷ್ಯನು ಪರೀಕ್ಷೆಯ ಭಯವಾಗಲಿ ಬಡ್ತಿಯ ಆಸೆಯಾಗಲಿ ಇಲ್ಲದೆ, ಕೇವಲ ತನ್ನ ಮನಸ್ಸಿನ ಒಲವಿನಿಂದ ಕೈಗೆತ್ತಿಕೊಳ್ಳುವ ಪುಸ್ತಕವನ್ನು ಕಾಲಕ್ಷೇಪದ ಸರಕೆಂದು ಬದಿಗೆ ಸರಿಸುವುದು ನಮ್ಮ ವಿಮರ್ಶಕರಲ್ಲಿ ಬಹುಕಾಲದಿಂದ ನಡೆದು ಬಂದ ರೂಢಿ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ರಾತ್ರಿಯೆಲ್ಲ ಓದಿದವರು ಅದನ್ನು ಒಪ್ಪಿಕೊಳ್ಳಲು ನಾಚುತ್ತಿದ್ದುದಕ್ಕೂ, ಓದದ ಶಾಸ್ತ್ರಗ್ರಂಥವನ್ನು ಓದಿದೆವೆಂದು ಹೇಳಿಕೊಳ್ಳುವವರು ನಾಚದಿರುವುದಕ್ಕೂ ಕಾರಣ ಒಂದೇ: ಲಘುವಾದುದು ಸುಖ, ಗುರುವಾದುದು ಕರ್ತವ್ಯ ಎಂಬ ವಿಭಾಗವನ್ನು ನಾವು ವಿಚಾರಿಸದೆ ಒಪ್ಪಿಕೊಂಡಿದ್ದೇವೆ. ಈ ವಿಭಾಗವು ಎಷ್ಟು ದುರ್ಬಲವಾದುದೆಂಬುದನ್ನು ಅರಿಯಬಯಸುವವರು ವಿಜಯದಶಮಿಯಿಂದ ದೀಪಾವಳಿಯವರೆಗಿನ ನಾಗಪುರವನ್ನು ನೋಡತಕ್ಕದ್ದು. ಮೂರು ವಾರಗಳ ಅಂತರದಲ್ಲಿ ಆ ನಗರದಲ್ಲಿ ಓದಿನ ಹಬ್ಬಗಳು ಎರಡು ನಡೆಯುತ್ತವೆ.

ಎರಡನೆಯದನ್ನೇ ಮೊದಲು ತೆಗೆದುಕೊಳ್ಳೋಣ. ಕಾಶೀನಾಥ ರಘುನಾಥ ಮಿತ್ರ ಅವರು ತಮ್ಮ ‘ಮನೋರಂಜನ’ ಮಾಸಪತ್ರಿಕೆಯ ದೀಪಾವಳಿ ಸಂಚಿಕೆಯನ್ನು 1909ರಲ್ಲಿ ಹೊರತಂದಂದಿನಿಂದ ಮರಾಠಿ ಗೃಹಸ್ಥನಿಗೆ ಚಕ್ಕುಲಿ ಕರ್ಜಿಕಾಯಿಗಳಷ್ಟೇ ದೀಪಾವಳಿ ಅಂಕವೂ ಹಬ್ಬದ ಅಂಗವಾಗಿದೆ. ನಾಗಪುರದ ಧರಂಪೇಠ, ಧಂತೋಲಿಗಳ ಮನೆಗಳಲ್ಲಿ ನರಕಚತುರ್ದಶಿಯ ಅಭ್ಯಂಗವಾದ ಮೇಲೆ ಒಬ್ಬರು ಕಥೆಯನ್ನೂ ಇನ್ನೊಬ್ಬರು ವ್ಯಂಗ್ಯಚಿತ್ರವನ್ನೂ ಮತ್ತೊಬ್ಬರು ಕೊನೆಯ ಪುಟಗಳ ರಾಶಿಭವಿಷ್ಯವನ್ನೂ ಹಿಡಿದು ಕೂಡುವುದು ವಾಡಿಕೆ. ಎಲ್ಲ ಅಂಕಗಳನ್ನೂ ಕೊಳ್ಳಲಾರದವರಿಗೆ ವಾಚನಾಲಯಗಳು ಒಂದಿಷ್ಟು ವರ್ಗಣಿಯ ಮೇಲೆ ತಿಂಗಳುಗಟ್ಟಲೆ ಒಂದೊಂದಾಗಿ ಎರವಲು ಕೊಡುತ್ತವೆ. ಈ ಪ್ರಕಾರದ ದೊಡ್ಡ ಗುಣವೆಂದರೆ ಪಂಕ್ತಿಭೇದವಿಲ್ಲದಿರುವುದು: ಭವಿಷ್ಯವನ್ನು ನೋಡಲು ಬಂದವನ ಕಣ್ಣು ಪುಟ ತಿರುವುವಾಗ ಗಹನವಾದೊಂದು ಕವಿತೆಯ ಮೇಲೆ ಬೀಳುತ್ತದೆ, ಬಿದ್ದ ಮೇಲೆ ಕೆಲವೊಮ್ಮೆ ಅಲ್ಲಿಯೇ ನಿಲ್ಲುತ್ತದೆ. ನಮ್ಮ ಯುಗಾದಿ, ದೀಪಾವಳಿ ವಿಶೇಷಾಂಕಗಳೂ ಈ ಉಪಕಾರವನ್ನು ಮಾಡಿವೆ. ದೋಷವೂ ಅಲ್ಲಿಯೇ ಇದೆ. ಜಾಹೀರಾತಿನ ಬೆಂಬಲದಿಂದ ನಿಂತ ಸಂಚಿಕೆಯು ಜಾಹೀರಾತುದಾರನು ಬಯಸುವ ಓದುಗನನ್ನೇ ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾಗುತ್ತದೆ. ಆದುದರಿಂದ ಎಷ್ಟೋ ಕಥೆಗಳಲ್ಲಿ ಅದೇ ಮಧ್ಯಮವರ್ಗದ ಮನೆ, ಅದೇ ಅತ್ತೆ ಸೊಸೆ, ಪರದೇಶದಲ್ಲಿರುವ ಅದೇ ಮಗ.

ಇನ್ನು ಮೊದಲನೆಯ ಹಬ್ಬ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬ ಅಂಬೇಡ್ಕರರು ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧಧಮ್ಮವನ್ನು ಸ್ವೀಕರಿಸಿದ ದೀಕ್ಷಾಭೂಮಿಗೆ ಪ್ರತಿ ವಿಜಯದಶಮಿಯ ಹೊತ್ತಿಗೆ, ನಮ್ಮ ಕಲಬುರ್ಗಿ ಬೀದರುಗಳ ಕಡೆಯವರೂ ಸೇರಿದಂತೆ, ಜನಸಾಗರವೇ ಬಂದು ಸೇರುತ್ತದೆ. ದಾರಿಯ ಇಕ್ಕೆಲಗಳಲ್ಲಿ ಸಾಲುಗಟ್ಟಿದ ಮಳಿಗೆಗಳಲ್ಲಿ, ಅದಕ್ಕೂ ಅನುಕೂಲವಿಲ್ಲದವರು ನೆಲದ ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ, ಆ ದೀಕ್ಷೆಯಲ್ಲಿ ಬೋಧಿಸಿದ ಇಪ್ಪತ್ತೆರಡು ಪ್ರತಿಜ್ಞೆಗಳ ಕಿರುಹೊತ್ತಗೆ, ಭೀಮಗೀತೆಗಳ ಸಂಗ್ರಹ, ಗೋಡೆಯ ಪಂಚಾಂಗ, ಇವುಗಳ ನಡುವೆ, ಅಂಬೇಡ್ಕರರು ತೀರಿಕೊಂಡ ಮೇಲೆ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ವೆಂಬ ದೊಡ್ಡ ಗಾತ್ರದ ಗ್ರಂಥವೂ, ಮಹಾರಾಷ್ಟ್ರ ಸರಕಾರವು 1979ರಿಂದ ಹೊರತರುತ್ತಿರುವ ಅವರ ಬರಹ ಭಾಷಣಗಳ ಸಂಪುಟಗಳೂ ಮಾರಾಟಕ್ಕಿರುತ್ತವೆ. ಬುತ್ತಿ ಕಟ್ಟಿಕೊಂಡು ರೈಲಿನಲ್ಲಿ ನಿಂತೇ ಬಂದವರು, ಸೆರಗಿನ ಗಂಟು ಬಿಚ್ಚಿ, ಊರಿಗೆ ಮರಳುವ ಖರ್ಚನ್ನು ಬೇರೆ ತೆಗೆದಿಟ್ಟು, ಉಳಿದುದರಲ್ಲಿ ಯಾವುದನ್ನು ಕೊಳ್ಳಬೇಕೆಂದು ಮನೆಮಂದಿಯೊಡನೆ ಚರ್ಚಿಸುತ್ತಾರೆ. ಓದು ಬಾರದ ಹಿರಿಯರು ಪುಸ್ತಕವನ್ನು ಆರಿಸುತ್ತಾರೆ, ಓದು ಬಲ್ಲ ಮೊಮ್ಮಗಳು ಬೆನ್ನುಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಇದನ್ನು ಭಕ್ತಿಯೆಂದಷ್ಟೇ ಕರೆದರೆ ಅರ್ಧಸತ್ಯವಾದೀತು. ಅಕ್ಷರವೇ ನಿಷಿದ್ಧವಾಗಿದ್ದ ಕುಲದಲ್ಲಿ ಹುಟ್ಟಿದವರು ತಮ್ಮ ದುಡ್ಡಿನಿಂದ, ತಾವೇ ಆರಿಸಿ ಪುಸ್ತಕ ಕೊಳ್ಳುವಾಗ ಅವರ ಮುಖದಲ್ಲಿ ಕಾಣುವುದು ಸುಖವಲ್ಲವೆಂದು ಹೇಳುವ ರಸಶಾಸ್ತ್ರವು ತನ್ನ ಪರಿಭಾಷೆಯನ್ನು ತಿದ್ದಿಕೊಳ್ಳುವುದು ಲೇಸು.

ಇದೇ ನಾಗಪುರದ ಕುಮುದ್ ಪಾವಡೆಯವರು 1981ರಲ್ಲಿ ಪ್ರಕಟವಾದ ‘ಅಂತಃಸ್ಫೋಟ’ದಲ್ಲಿ, ದಲಿತ ಮಹಾರ ಕುಟುಂಬದ ಹುಡುಗಿಯಾಗಿ ತಾವು ಸಂಸ್ಕೃತಕ್ಕೆ ಮನಸೋತ ಬಗೆಯನ್ನು ನಿರೂಪಿಸಿದ್ದಾರೆ. ಸ್ನಾತಕೋತ್ತರ ಪದವಿಯನ್ನು ಪಡೆದ ಮೇಲೂ ಉದ್ಯೋಗಕ್ಕಾಗಿ ಕಾಯಬೇಕಾಗಿ ಬಂದುದನ್ನೂ, ಮದುವೆಯಿಂದ ಹೆಸರಿಗೆ ಬೇರೊಂದು ಜಾತಿಯ ಕುಲನಾಮ ಸೇರಿದ ಬಳಿಕ ಅಧ್ಯಾಪಕ ವೃತ್ತಿ ದೊರೆತುದನ್ನೂ ಅವರು ಕಹಿಯಾದ ಹಾಸ್ಯದಿಂದ ಬರೆಯುತ್ತಾರೆ. ಆ ಬರಹದ ಹಿರಿಮೆಯು ಅನ್ಯಾಯದ ನಿವೇದನೆಯಲ್ಲಿ ಮಾತ್ರ ಇಲ್ಲ. ಯಾವ ಭಾಷೆಯ ಹೆಸರಿನಲ್ಲಿ ತನ್ನವರನ್ನು ಹೊರಗಿಟ್ಟರೋ ಆ ಭಾಷೆಯ ನಾದಕ್ಕೆ ತಾನು ಒಲಿದೆನೆಂಬುದನ್ನು ಮುಚ್ಚಿಡದಿರುವುದರಲ್ಲಿಯೂ ಇದೆ. ಕರ್ತವ್ಯಬುದ್ಧಿಯೊಂದೇ ಪ್ರೇರಕವಾಗಿದ್ದಲ್ಲಿ ಆ ಹುಡುಗಿ ಸುಲಭವಾದ ಇನ್ನೊಂದು ವಿಷಯವನ್ನು ಆರಿಸಿಕೊಳ್ಳುತ್ತಿದ್ದಳು.

ಹಾಗೆಂದು ದೀಕ್ಷಾಭೂಮಿಯ ಪುಸ್ತಕಸಂತೆಯು ನಿರ್ದೋಷವೆಂದು ಹೇಳಲಾಗದು. ಅಗ್ಗದ ಕಾಗದವನ್ನೂ ಅಚ್ಚಿನ ತಪ್ಪುಗಳನ್ನೂ ಕ್ಷಮಿಸಬಹುದು. ಆದರೆ ಅಂಬೇಡ್ಕರರ ಗ್ರಂಥಗಳಿಗಿಂತ ಅಂಬೇಡ್ಕರರ ಸ್ತುತಿಯೇ ಅಗ್ಗವಾಗಿಯೂ ಹೇರಳವಾಗಿಯೂ ದೊರೆಯುವಾಗ, ಪ್ರತಿಯೊಂದು ಮಾತಿಗೂ ಆಧಾರ ಕೇಳುತ್ತಿದ್ದ ಆ ವಾದಪಟುವಿನ ಓದುಗನಿಗೆ ಸಲ್ಲಬೇಕಾದುದು ಸಲ್ಲಲಿಲ್ಲವೆಂದೇ ಹೇಳಬೇಕು. ಕಥೆ ಕಾದಂಬರಿಗಳು ಅಲ್ಲಿ ವಿರಳ. ಆತ್ಮಕಥೆಗಳಾದ ದಯಾ ಪವಾರರ ‘ಬಲುತ’ದಲ್ಲಿಯೂ ನಮ್ಮ ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿಯೂ ದುಃಖದ ಬೆನ್ನಿಗೇ ನಗು ಹಬ್ಬುತ್ತದೆ; ಆ ನಗುವನ್ನು ಸವಿಯುವ ಹಕ್ಕು ಕೂಡ ಬಿಡುಗಡೆಯ ಒಂದು ಪಾಲೆಂಬುದನ್ನು ಪ್ರಕಾಶಕರು ಮರೆಯಬಾರದು.

ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರಷ್ಟೇ ಅಲ್ಲ, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಓದುಗನು ಗ್ರಂಥವನ್ನು ಹುಡುಕಿಕೊಂಡು ಬರಲಿ ಎಂದು ಕಾಯದೆ, ಜನ ಕೂಡಿದಲ್ಲಿಗೆ ಗ್ರಂಥವೇ ಹೋಗಬೇಕೆಂಬ ಅವರ ವಿವೇಕವನ್ನು ದೀಕ್ಷಾಭೂಮಿಯ ಬೀದಿವ್ಯಾಪಾರಿ ಪಾಲಿಸುತ್ತಿದ್ದಾನೆ, ದೀಪಾವಳಿ ಅಂಕದ ಸಂಪಾದಕನು ಮರೆತಿದ್ದಾನೆ. ಒಂದೇ ನಗರದ ಈ ಎರಡು ಓದುಗವರ್ಗಗಳಲ್ಲಿ ಒಂದಕ್ಕೆ ವೈವಿಧ್ಯವಿದೆ, ತುರ್ತಿಲ್ಲ. ಇನ್ನೊಂದಕ್ಕೆ ತುರ್ತಿದೆ, ವೈವಿಧ್ಯ ಸಾಲದು. ಎರಡರಲ್ಲಿ ನಿಜವಾದ ವಿರಾಮದ ಓದು ಯಾವುದೆಂದು ಕೇಳಿದರೆ, ಕೊಳ್ಳದೆ ಇದ್ದರೆ ಯಾರೂ ಆಕ್ಷೇಪಿಸದಿದ್ದ ಪುಸ್ತಕಕ್ಕೆ ಊಟದ ದುಡ್ಡಿನಲ್ಲಿ ಪಾಲು ಕೊಟ್ಟವನ ಓದೇ ಎಂದು ನಾನು ಉತ್ತರಿಸುವೆನು. ಪುಸ್ತಕದ ಭಾರವನ್ನು ತೂಗಿ ಓದುಗನ ಸುಖವನ್ನು ಅಳೆಯುವ ಪದ್ಧತಿಯನ್ನು ವಿಮರ್ಶೆಯು ಇನ್ನಾದರೂ ಕೈಬಿಡಬೇಕು.