ಸತ್ಯನ್ ಅವರ ವ್ಯಕ್ತಿಚಿತ್ರಗಳು: ವೃತ್ತಿ ಮತ್ತು ದೃಷ್ಟಿ

ಅನ್ಯರ ಬೇಡಿಕೆಗೆ ತಕ್ಕಂತೆ ಮುಖಗಳನ್ನು ಚಿತ್ರಿಸಿಕೊಡುವ ಛಾಯಾಗ್ರಾಹಕನ ವೃತ್ತಿಯಲ್ಲಿ ಸೃಷ್ಟಿಶೀಲತೆಗೆ ಎಡೆಯುಂಟೆ? ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬಹುದೆಂದು ನಮಗೆ ತೋರುತ್ತದೆ.

ಸತ್ಯನ್ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯಲ್ಲಿ ಕೆಲಸ ಮಾಡಿದರು. ಮುಂದೆ ಸ್ವತಂತ್ರ ಛಾಯಾಗ್ರಾಹಕರಾಗಿ ಪತ್ರಿಕೆಗಳಿಗೂ ಯೂನಿಸೆಫ್ ಸಂಸ್ಥೆಗೂ ದುಡಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶಿತವಾದವು.

ವಿಷಯವನ್ನು ಇತರರು ಗೊತ್ತುಮಾಡಿದಾಗಲೂ ನೋಟ ಸತ್ಯನ್ ಅವರದೇ. ಆರ್. ಕೆ. ನಾರಾಯಣರಂಥ ಸಾಹಿತಿಗೆ ಸಲ್ಲಿಸಿದ ಗೌರವವನ್ನೇ ಅವರು ಹೆಸರರಿಯದ ಹಳ್ಳಿಯ ಮಗುವಿಗೂ ಸಲ್ಲಿಸಿದರು. ಅವರ ಕಪ್ಪುಬಿಳುಪಿನ ಚಿತ್ರಗಳಲ್ಲಿ ಬಡತನ ಮರೆಯಾಗುವುದಿಲ್ಲ; ಆದರೆ ಅದು ವ್ಯಕ್ತಿಯನ್ನು ನುಂಗಿಹಾಕುವುದೂ ಇಲ್ಲ.

ಈ ಗುಣದೊಡನೆಯೇ ಒಂದು ಮಿತಿಯೂ ಬಂದಿದೆ. ಬದುಕಿನ ಮೇಲಣ ಅವರ ಪ್ರೀತಿ ದುಃಖದ ಕಾರಣಗಳನ್ನು ಎಷ್ಟೋ ವೇಳೆ ಚೌಕಟ್ಟಿನ ಹೊರಗೆ ಉಳಿಸಿಬಿಡುತ್ತದೆ; ನಗುವ ಮಗುವಿನ ಹಸಿವನ್ನು ನೋಡುಗನೇ ಊಹಿಸಿಕೊಳ್ಳಬೇಕಾಗುತ್ತದೆ. ಆದರೂ ಕನಿಕರವನ್ನು ಯಾಚಿಸುವ ಚಿತ್ರಕ್ಕಿಂತ ಸಮಾನನಾಗಿ ಎದುರು ನಿಲ್ಲುವ ಮುಖವೇ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಕೂಲಿಗಾಗಿ ತೆಗೆದ ಚಿತ್ರವನ್ನು ಕಲೆಯ ವಿಮರ್ಶೆಯಿಂದ ದೂರವಿಡುವ ನಮ್ಮ ರೂಢಿಯನ್ನು ತಿದ್ದಿಕೊಳ್ಳಲು ಇದೊಂದೇ ಕಾರಣ ಸಾಕು.